ಮಗಳ ಮುಂದಿನ ಹಲ್ಲು, ಎರಡು ನಮೂನಿ ವಿನಿಯರ್

ನಮ್ಮ ಮುಂಡರಗಿ ಕಡೆ ಕಂದು ಹಲ್ಲು ಹೊಸಾದೇನಲ್ರಿ. ಬೋರಿನ ನೀರು ಕುಡದು ಬೆಳದ ಹುಡುಗ್ರು ನಕ್ಕಾಗ ಗೊತ್ತಾಗಿಬಿಡ್ತೈತಿ. ಒಂದು ಲೀಟರ್ ನೀರಿನ್ಯಾಗ ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದ್ರ ಅದು ಕುಡಿಯೋ ನೀರಲ್ಲ. ಒಸಡಿನೊಳಗ ಹಲ್ಲು ತಯಾರಾಗೋ ಸಣ್ಣ ವಯಸ್ಸಿನ್ಯಾಗ ಇಂಥಾ ನೀರು ಹೊಟ್ಟಿಗೆ ಹೋದ್ರ ಎನಾಮಲ್ ಸರಿಯಾಗಿ ಗಟ್ಟಿ ಆಗಂಗಿಲ್ಲ. ಆಮ್ಯಾಲೆ ಬಿಳಿ ಮಚ್ಚಿ, ಕಂದು ಗೀರು. ಮ್ಯಾಲಿನ ಹೊಲಸಲ್ಲ ಅದು, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ.

ನನ್ನ ಮಗಳಿಗೂ ಮುಂದಿನ ನಾಕು ಹಲ್ಲಿಗೆ ಹಂಗ ಇತ್ತು. 25 ವರ್ಷದ ಹುಡುಗಿ, ಬಾಯಿಗೆ ಕೈ ಅಡ್ಡ ಹಿಡದ ನಗ್ತಿದ್ಲು. ನೋಡಾಕ ಬಂದವರೊಬ್ಬರು "ಹುಡುಗಿ ಗುಟ್ಕಾ ಗಿಟ್ಕಾ ತಿಂತಾಳೇನ್ರಿ?" ಅಂತ ಕೇಳಿಬಿಟ್ರು. ಆಕಿ ಅವತ್ತು ರಾತ್ರಿ ಉಣ್ಣಲಿಲ್ಲ. ಮರುದಿನ "ಅವ್ವಾ, ವಿನಿಯರ್ ಹಾಕಿಸ್ಕೋತೀನಿ" ಅಂದ್ಲು.

ವಿನಿಯರ್ ಅಂದ್ರ ಹಲ್ಲಿನ ಮುಂಭಾಗಕ್ಕ ಅಂಟಿಸೋ ತೆಳ್ಳನ ಪದರ, ಹಳೇ ಗ್ವಾಡಿಗೆ ಟೈಲ್ಸ್ ಹಚ್ಚಿದಂಗ. ಹುಬ್ಬಳ್ಳಿಯ ಡಾಕ್ಟರಮ್ಮ ಎರಡು ನಮೂನಿ ತೋರಿಸಿದ್ರು. ಒಂದು ಕಾಂಪೋಸಿಟ್. ಹಲ್ಲಿನ ಬಣ್ಣದ ಮೆತ್ತನ ಪೇಸ್ಟ್ ಹಚ್ಚಿ, ನೀಲಿ ಲೈಟ್ ಹಿಡದು ಗಟ್ಟಿ ಮಾಡ್ತಾರ. ಒಂದ ದಿನದಾಗ ಮುಗೀತೈತಿ, ಹಲ್ಲು ತೇಯೋದು ಭಾಳ ಕಡಿಮಿ. ಮೂಲಿ ಮುರದ್ರ ಅಷ್ಟಕ್ಕ ರಿಪೇರಿ. ಆದ್ರ ಚಾ, ಅರಿಶಿಣದ ಬಣ್ಣ ಹಿಡೀತೈತಿ, 5–7 ವರ್ಷಕ್ಕ ಹೊಸಾದು ಮಾಡಿಸಬೇಕಾಗ್ತೈತಿ.

ಇನ್ನೊಂದು ಪಿಂಗಾಣಿದು. ಅಚ್ಚು ತಗೊಂಡು ಲ್ಯಾಬಿನ್ಯಾಗ ಮಾಡಿಸ್ತಾರ, ಎರಡ್ಮೂರು ಸಲ ಹೋಗಬೇಕು. ಹೊಳಪು ಖರೇ ಹಲ್ಲಿನಂಗ, ಚಾದ ಕಲೆ ಕೂಡಂಗಿಲ್ಲ, 10–15 ವರ್ಷ ಬಾಳ್ತೈತಿ. ರೊಕ್ಕ ಮಾತ್ರ ನಮಗ ಹೇಳಿದ ಲೆಕ್ಕದಾಗ ಮೂರು ಪಟ್ಟು. ಅದನ್ನ ಕೂಡಿಸಾಕ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ತೇಯ್ತಾರ. ಎನಾಮಲ್ ಉಗುರಲ್ಲ, ಹೋದದ್ದು ಮತ್ತ ಬೆಳ್ಯಂಗಿಲ್ಲ.

ನನ್ನ ತಂಗಿ "ಹೆಂಗೂ ಖರ್ಚು ಮಾಡ್ತೀರಿ, ಮದುವಿ ಫೋಟೋದಾಗ ಮುತ್ತಿನಂಗ ಕಾಣ್ಲಿ, ತುಟ್ಟೀದ ಹಾಕಸ್ರಿ" ಅಂದ್ಲು. ನಾನೂ ಬಳಿ ಮಾಡ್ಸಾಕ ಇಟ್ಟ ರೊಕ್ಕ ತಗದಿದ್ದೆ. ಮಗಳ ಲೆಕ್ಕ ಬ್ಯಾರೇನ ಇತ್ತು. "ಈಗ 25. 40ಕ್ಕ ಮತ್ತೊಮ್ಮೆ, 55ಕ್ಕ ಇನ್ನೊಮ್ಮೆ ಬದಲಸಬೇಕು. ಗಟ್ಟಿ ಇರೋ ಹಲ್ಲು ಫೋಟೋ ಸಲುವಾಗಿ ಯಾಕ ತೇಯಿಸ್ಲಿ?" ಅಂದ್ಲು. ನಾನು ಸುಮ್ನಾದೆ. ಹಲ್ಲು ಆಕೀದು, ಬಾಳೋದು ಆಕಿ.

ಅದನ್ನ ಕೇಳಿ ಡಾಕ್ಟರಮ್ಮ ಮೂರನೇದೊಂದು ದಾರಿ ಹೇಳಿದ್ರು, ಮೈಕ್ರೋ ಅಬ್ರೇಷನ್ ಅಂತ. ಹಗೂರ ಆಸಿಡ್ ಕೂಡಿದ ಪುಡಿ ಹಚ್ಚಿ, ಕಲೆ ಇರೋ ಮ್ಯಾಲಿನ ಎಳಿಯಷ್ಟು ಪದರನ್ನ ತಿಕ್ಕಿ ತಗೀತಾರ. ಎರಡು ಸಲ ಮಾಡಿಸಿದ್ವಿ. ಎರಡು ಹಲ್ಲಿನ ಕಂದು ಅದರಾಗ ತಿಳಿ ಆತು. ಕಲೆ ಆಳಕ್ಕ ಇಳದಿದ್ದ ಉಳಿದೆರಡಕ್ಕ ಮಾತ್ರ ಕಾಂಪೋಸಿಟ್ ಹಾಕಿಸಿದ್ಲು. ಮುತ್ತಿನಂಗ ಏನೂ ಇಲ್ಲ, ಬಾಜೂ ಹಲ್ಲಿಗೆ ಹೊಂದ್ಯಾವ. ಅಷ್ಟ ಬೇಕಿತ್ತು ಆಕಿಗೆ.

ಮುಂದ ಬಂದ ಬೀಗರಿಗೆ ಆಕೀನ ಎಲ್ಲಾ ಹೇಳಿದ್ಲು. ಅವರವ್ವ "ಮುಂದ ಮಕ್ಕಳಿಗೂ ಬರ್ತೈತೇನವಾ?" ಅಂತ ಮೆತ್ತಗ ಕೇಳಿದ್ರು. "ಇದು ರಕ್ತದಾಗ ಬರೂದಲ್ರಿ ಅತ್ತಿ, ನೀರಿನ್ಯಾಗ ಬರೂದು. ನಿಮ್ಮೂರ ನೀರು ಹೆಂಗೈತಿ?" ಅಂದ್ಲು. ಅವರು ನಕ್ರು. ಮಾತು ಮುಂದುವರದೈತಿ.

ನಿಮ್ಮನ್ಯಾಗ ಯಾರರ ವಿನಿಯರ್ ಹಾಕಿಸೋರಿದ್ರ, ರೇಟಿಗಿಂತ ಮೊದ್ಲು "ನನ್ನ ಹಲ್ಲು ಎಷ್ಟು ತೇಯ್ತೀರಿ?" ಅಂತ ಕೇಳ್ರಿ. ಹುಳುಕು, ಒಸಡಿನ ತ್ರಾಸು ಇದ್ರ ಮೊದಲ ಅದನ್ನ ನೋಡಿಸ್ರಿ. ರಾತ್ರಿ ಹಲ್ಲು ಕಡಿಯೋ ರೂಢಿ ಇದ್ರ ಮುಚ್ಚಿಡಬ್ಯಾಡ್ರಿ, ಎರಡೂ ನಮೂನಿ ಸೀಳ್ತಾವ. ಮತ್ತ ಸಣ್ಣ ಮಕ್ಕಳಿದ್ದವರು ಬೋರಿನ ನೀರು ಕಾಸಿ ಕೊಟ್ರ ಸಾಕು ಅನ್ಕೋಬ್ಯಾಡ್ರಿ. ಕಾಸಿದ್ರ ಹುಳ ಸಾಯ್ತಾವ, ಫ್ಲೋರೈಡ್ ಹೋಗಂಗಿಲ್ಲ. ಆರ್‌ಒ ನೀರೋ, ಹೊಳಿ ನೀರಿನ ನಳಾನೋ, ಹಲ್ಲು ಮೂಡೋ ವಯಸ್ಸಿನ್ಯಾಗ ಅದನ್ನಷ್ಟು ಕುಡಸ್ರಿ.