ಫೋಟೊ ತೆಗೀಲೇನ್ ಯವ್ವಾ?

ಬೆಂಗಳೂರಿನಲ್ಲಿ ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಂಧನೂರು. ಅಲ್ಲಿ ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ ತಿಂದು ರಾಯಚೂರಿನ ಬಸ್ ಹಿಡಿದರೆ ಮಾನ್ವಿಗಿಂತ ಮುಂಚೆ ಸಿಗುವ ಊರು ಪೋತ್ನಾಳ. ಟೂರಿಸ್ಟ್ ಪಟ್ಟಿಯಲ್ಲಿ ಹುಡುಕಬೇಡಿ, ಸಿಗಲ್ಲ. ಆದರೂ ಹೋದ ಡಿಸೆಂಬರ್‌ನಲ್ಲಿ ನಾನು ಒಂಬತ್ತು ದಿನ ಅಲ್ಲಿದ್ದೆ. ಸೋದರಮಾವನ ಮನೆ ಅಲ್ಲಿದೆ ಅನ್ನೋದು ಒಂದು ಕಾರಣ. ಹನ್ನೊಂದು ತಿಂಗಳಿಂದ ಮೇಲ್ ಡ್ರಾಫ್ಟ್‌ನಲ್ಲಿ ಬಿದ್ದಿದ್ದ ನನ್ನ ರಾಜೀನಾಮೆ ಪತ್ರ ಇನ್ನೊಂದು ಕಾರಣ.

ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ, ನಾಲ್ಕು ವರ್ಷದಿಂದ ಕ್ಯಾಮೆರಾ ಹುಚ್ಚು. ಫೋಟೊಗ್ರಫಿಯನ್ನೇ ಕೆಲಸ ಮಾಡಿಕೊಳ್ಳಬೇಕು ಅಂತ ಆಸೆ. ಅವ್ವನದು ಒಂದೇ ಪ್ರಶ್ನೆ: "ಮದುವಿ ಫೋಟೊ ಹೊಡ್ಯಾಕ ಇಂಜಿನಿಯರಿಂಗ್ ಯಾಕ ಓದಿದಿ?" ನನ್ನ ಭಯ ದುಡ್ಡಿನದೇ ಅಂದುಕೊಂಡು ಎಕ್ಸೆಲ್ ಶೀಟ್ ಮಾಡಿದೆ. ಇಎಂಐ, ಬಾಡಿಗೆ, ಮನೆಗೆ ಕಳಿಸೋದು ಎಲ್ಲಾ ಸೇರಿಸಿದರೂ ಉಳಿತಾಯ ಹದಿನಾಲ್ಕು ತಿಂಗಳು ಬರುತ್ತಿತ್ತು. ಲೆಕ್ಕ ಸರಿಯಿತ್ತು. ಮೇಲ್ ಮಾತ್ರ ಹೋಗಲಿಲ್ಲ.

ಧೈರ್ಯಕ್ಕೆ ಅಂತ ಕೆಲಸ ಬಿಟ್ಟವರ ಕತೆ ಓದುತ್ತಿದ್ದೆ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ, ಆಮೇಲೆ ಇಲಸ್ಟ್ರೇಟೆಡ್ ವೀಕ್ಲಿಗೆ ಹೋಗಿ, ಅದನ್ನೂ ಬಿಟ್ಟು ಸ್ವತಂತ್ರ ಫೋಟೊಗ್ರಾಫರ್ ಆದವರು. 1977ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಾಲದವರಲ್ಲಿ ಕಲ್ಯಾಣ್ ವರ್ಮಾ ಯಾಹೂ ಕೆಲಸ ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಹೋದವರು. ಮುಂದೆ ಅಮೋಘವರ್ಷ ಅವರ ಜೊತೆ 'ವೈಲ್ಡ್ ಕರ್ನಾಟಕ' ಮಾಡಿದರು. ಇವರ ಕತೆಯಲ್ಲಿ ನನಗೆ ಕಾಣುತ್ತಿದ್ದದ್ದು 'ಬಿಟ್ಟರು' ಅನ್ನೋ ಪದ ಒಂದೇ. ಬಿಟ್ಟ ಮೇಲೆ ದಿನಾ ಏನು ಮಾಡಿದರು ಅಂತ ಯೋಚಿಸಿರಲಿಲ್ಲ.

ಡಿಸೆಂಬರ್ ಅಂದರೆ ಆ ಕಡೆ ನೆಲ್ಲು ಕೊಯ್ಯುವ ಕಾಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆ ನೀರು ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ 'ಕ್ಯಾಂಪ್'ಗಳು ಊರುಗಳೇ ಆದವು. ಹೊಟೇಲಿನಲ್ಲಿ ಕೂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ರಸ್ತೆ ಪಕ್ಕದಲ್ಲಿ ತಾಡಪತ್ರಿ ಹಾಸಿ ನೆಲ್ಲು ಒಣಗಿಸಿರುತ್ತಾರೆ. ಹೆಂಗಸರು ಕಾಲಲ್ಲೇ ಸಾಲು ಎಳೆದು ಅದನ್ನು ತಿರುವಿ ಹಾಕುತ್ತಾರೆ. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಬಿಸಿಲು ಓರೆಯಾಗಿ ಬಿದ್ದಾಗ ಹೊಟ್ಟಿನ ಧೂಳೆಲ್ಲ ಬಂಗಾರ. ಆಮೇಲೆ ಬಿಸಿಲು ನೆತ್ತಿಗೇರಿ ಮುಖಗಳೆಲ್ಲ ಕಪ್ಪು.

ಮೊದಲ ಮೂರು ದಿನ ಕಾಲುವೆ ಏರಿ ಮೇಲೆ ನಿಂತು 200 ಎಂಎಂ ಲೆನ್ಸಿನಲ್ಲಿ ದೂರದಿಂದ ತೆಗೆದೆ. ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಚಿತ್ರಗಳು ಚೊಕ್ಕ ಇದ್ದವು, ಆದರೆ ಒಂದರಲ್ಲೂ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನಾಲ್ಕನೇ ದಿನ ಒಬ್ಬ ಮುದುಕಿ ಅಲ್ಲಿಂದಲೇ ಕೂಗಿದಳು: "ಯಾರಪಾ ನೀನು? ಕಳ್ಳನಂಗ ದೂರ ನಿಂತು ಏನ್ ಮಾಡಾಕತ್ತಿ?"

"ಏನಿಲ್ಲ ಯವ್ವಾ" ಅಂತ ಬ್ಯಾಗ್ ಮುಚ್ಚಿಕೊಂಡು ಬಂದುಬಿಟ್ಟೆ. ಮಾವ ಹೊಟ್ಟೆ ಹಿಡಿದು ನಕ್ಕ. "ಆಕಿ ಬೈದಿಲ್ಲೋ, ಮಾತಾಡಿಸ್ಯಾಳ" ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಭಯ ದುಡ್ಡಿನದಾಗಿರಲಿಲ್ಲ. ಎದುರು ಹೋಗಿ 'ನಾನು ಫೋಟೊಗ್ರಾಫರ್' ಅನ್ನೋದೇ ಭಯ. ಆಫೀಸಿನಲ್ಲಿ ನನ್ನ ಕೋಡ್ ಓಡದಿದ್ದರೆ ಅದು ಟೀಮಿನ ಸಮಸ್ಯೆ. ಚಿತ್ರ ಚೆನ್ನಾಗಿಲ್ಲ ಅಂದರೆ ಅದು ನಾನೇ.

ಮರುದಿನ ಉದ್ದ ಲೆನ್ಸ್ ಮನೆಯಲ್ಲಿಟ್ಟು 50 ಎಂಎಂ ಹಾಕಿಕೊಂಡು ಹೋದೆ. ಅದರಲ್ಲಿ ಝೂಮ್ ಇಲ್ಲ. ಮುಖ ಬೇಕಂದರೆ ನಾಲ್ಕು ಹೆಜ್ಜೆಯಷ್ಟು ಹತ್ತಿರ ಹೋಗಲೇಬೇಕು. ಮೊದಲು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಅವರ ಜೊತೆ ಚಾ ಕುಡಿದೆ, ಮಾವನ ಹೆಸರು ಹೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದೆ: "ಫೋಟೊ ತೆಗೀಲೇನ್ ಯವ್ವಾ?"

"ತೆಗಿ. ಆದ್ರ ನಂಗೂ ಒಂದು ಕೊಡಬೇಕು. ಹ್ವಾದ ವರ್ಷ ಒಬ್ಬಾವ ತೆಕ್ಕೊಂಡು ಹ್ವಾದ, ಇನ್ನಾ ಬಂದಿಲ್ಲ."

ಎರಡು ದಿನ ಬಿಟ್ಟು ಸಿಂಧನೂರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. "ಆಧಾರ್ ಕಾರ್ಡಿನ್ಯಾಗ ಕಳ್ಳಿ ಇದ್ದಂಗ ಅದೀನಿ. ಇದು ನಾನ" ಅಂದಳು. ನನ್ನ ಕೆಲಸಕ್ಕೆ ಇಷ್ಟು ಒಳ್ಳೆಯ ರಿವ್ಯೂ ಯಾವ ಅಪ್ರೈಸಲ್‌ನಲ್ಲೂ ಬಂದಿಲ್ಲ.

ಪಕ್ಕದಲ್ಲೇ ನಿಂತಿದ್ದ ಒಬ್ಬರು ಮಗಳ ಕುಬಸದ ಫೋಟೊ ತೆಗೀತೀರೇನ್ರಿ ಅಂತ ಕೇಳಿದರು. "ಎಷ್ಟ್ ತಗೋತೀರಿ ಸರ?" ಒಂಬತ್ತು ದಿನದಲ್ಲಿ ಅತ್ಯಂತ ಕಷ್ಟದ ಮಾತು ಅದಕ್ಕೆ ಉತ್ತರ. ಬಾಯಿಗೆ 'ಏನೂ ಬ್ಯಾಡ್ರಿ' ಅಂತಲೇ ಬಂದಿತ್ತು. ನುಂಗಿಕೊಂಡು "ನಾಲ್ಕು ಸಾವಿರ" ಅಂದೆ. ಅವರು ಚೌಕಾಸಿ ಕೂಡ ಮಾಡಲಿಲ್ಲ. ಕಡಿಮೆ ಹೇಳಿದೆನಾ ಅಂತ ಮಾವನ ಮುಖ ನೋಡಿದೆ. ಅವನು ನಗುತ್ತಿದ್ದ.

ಈಗ ಸತ್ಯನ್ ಕತೆ ಬೇರೆ ಥರ ಕಾಣುತ್ತದೆ. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಅದರ ಹಿಂದೆ ಇರೋದು ಒಂದು ದಿನದ ರಾಜೀನಾಮೆಯಲ್ಲ, ವರ್ಷಗಟ್ಟಲೆ ಗುರುತಿಲ್ಲದವರ ಹತ್ತಿರ ಹೋಗಿ ನಿಂತದ್ದು.

ವಾಪಸ್ ಬಸ್ಸಿನಲ್ಲಿ ಸಿರುಗುಪ್ಪ ದಾಟುವಾಗ ಮೇಲ್ ಕಳಿಸಿದೆ. ಭಯ ಹೋಯ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ತಿಂಗಳ ಒಂದನೇ ತಾರೀಖು ಈಗಲೂ ಎದೆ ಡವಡವ ಅನ್ನುತ್ತದೆ. ಅವ್ವ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಆ ಮುದುಕಿಯ ಫೋಟೊವನ್ನು ಮನೆಗೆ ಬಂದವರಿಗೆಲ್ಲ ಫೋನಿನಲ್ಲಿ ತೋರಿಸುತ್ತಾಳಂತೆ.

ನೀವೂ ನನ್ನ ಹಾಗೆ ಡ್ರಾಫ್ಟ್‌ನಲ್ಲಿ ಏನಾದರೂ ಇಟ್ಟುಕೊಂಡಿದ್ದರೆ, ಇವತ್ತೇ ಕಳಿಸಿ ಅಂತ ಹೇಳಲ್ಲ. ಮೊದಲು ಒಂದು ವಾರ ರಜೆ ಹಾಕಿ, ಉದ್ದ ಲೆನ್ಸ್ ಬಿಟ್ಟು, ಯಾರಾದರೊಬ್ಬರ ಎದುರು ಹೋಗಿ ಕೇಳಿ. ಪ್ರಿಂಟ್ ಕೊಡೋದು ಮರೆಯಬೇಡಿ. ಪೋತ್ನಾಳದಲ್ಲಿ ಇನ್ನೂ ಎರಡು ಮನೆಗೆ ನಾನು ಕೊಡೋದಿದೆ. ಕಾಲುವೆಗೆ ನೀರು ಬಿಟ್ಟು ಎರಡನೇ ಬೆಳೆ ಬಂದರೆ ಏಪ್ರಿಲ್‌ನಲ್ಲಿ ಹೋಗ್ತೀನಿ. ಬರದಿದ್ದರೂ ಹೋಗ್ತೀನಿ.