ಧರ್ಮಾದಾಯ ಖಾತೆ

ಹಲಕರ್ಣಿಯಲ್ಲಿ ನಮ್ಮ ಕಾಕಾನ ಕಬ್ಬಿನ ಗಾಣ ಹೂಡಿದರೆ ಆ ರಾತ್ರಿಗಳಲ್ಲಿ ಯಾರೂ ಬೇಗ ಮಲಗುವುದಿಲ್ಲ. ಕೊಪ್ಪರಿಗೆಯ ಕೆಳಗೆ ಒಣಸಿಪ್ಪೆ, ರವದಿ ತುರುಕುತ್ತ ಕೂತರೆ ಮಾತಿಗೆ ಮಾತು ಹುಟ್ಟುತ್ತದೆ. ಮೊನ್ನೆ ಒಬ್ಬ ಹುಡುಗ ಮೊಬೈಲಿನಲ್ಲಿ ಫೋಟೊ ತೋರಿಸಿದ: "ನೋಡ್ರಿ ಅಣ್ಣಾ, ಯಾವುದೋ ಕಂಪನಿಯವ್ರು ಸಾಲಿಗೆ ನೀರಿನ ಮಷೀನ ಕೊಟ್ಟಾರ, ಸಿಎಸ್‌ಆರ್ ಅಂತ." ನನಗೆ ಮಗ್ಗಗಳ ಊರು ಇಚಲಕರಂಜಿ ನೆನಪಾಯಿತು. ಬೆಂಕಿ ಮುಂದೆ ಕೂತವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಅವತ್ತು ನುಂಗಿಕೊಂಡ ಒಂದೆರಡು ಮಾತೂ ಇದರಲ್ಲಿವೆ.

2011ರಲ್ಲಿ ಬಿ.ಕಾಂ. ಮುಗಿಸಿ ಇಚಲಕರಂಜಿಗೆ, ಮಾಮಾನ ಖೋಲಿಗೆ ಹೋದೆ. 1904ರಲ್ಲಿ ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು, ಜಹಗೀರದಾರ ಬಾಬಾಸಾಹೇಬ ಘೋರ್ಪಡೆಯವರು ಬೆನ್ನಿಗೆ ನಿಂತರು. ಆಮೇಲೆ ಬೆಳೆದ ಊರಿನಲ್ಲಿ ನಮ್ಮ ಗಡಿ ಭಾಗದ ಎಷ್ಟೋ ಮನೆಗಳ ಹೊಟ್ಟೆಪಾಡು ನಡೆದಿದೆ. ಮಗ್ಗದ ಖಟಪಟ ನಿಂತರೆ ಗಲ್ಲಿಯಲ್ಲಿ ಕನ್ನಡ ಕೇಳುತ್ತದೆ.

ಮಾಮಾ ಒಂದು ಪ್ರೋಸೆಸ್‌ನಲ್ಲಿ, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಜಿಗರ್ ಮಷೀನಿನ ಮೇಲೆ ದುಡಿಯುತ್ತಿದ್ದ. ಅವನ ಉಗುರಿನ ಸಂದಿ ನೋಡಿದರೆ ಆ ವಾರದ ಆರ್ಡರ್ ಯಾವ ಬಣ್ಣದ್ದು ಎಂದು ಹೇಳಬಹುದಿತ್ತು. ಅವನ ಮಾತಿನ ಮೇಲೆ ನನ್ನನ್ನು ಆಫೀಸಿನಲ್ಲಿ ಲೆಕ್ಕ ನೋಡುವ ದಿವಾಣಜಿಯ ಕೈಕೆಳಗೆ ಇಟ್ಟುಕೊಂಡರು.

ನನ್ನ ಪಾಲಿಗೆ ಎರಡು ರಜಿಸ್ಟರು ಬಂದವು. ಒಂದು ಧರ್ಮಾದಾಯದ್ದು. ಪೇಟೆಯಲ್ಲಿ ಓಡಾಡಿದವರಿಗೆ ಇದು ಗೊತ್ತು: ಬಿಲ್ಲಿನ ಮೇಲೆ ಇಷ್ಟು ಪೈಸೆ ಅಂತ ಧರ್ಮಕ್ಕೆ ಹಿಡಿಯುವ ಹಳೆಯ ಪದ್ಧತಿ. ದುಡ್ಡು ಗಿರಾಕಿಯದು, ಹೆಸರು ಮಾಲಕನದು. ಬೇಸಿಗೆ ಬಂತೆಂದರೆ ಆ ಖಾತೆಯಿಂದ ಗೇಟಿನ ಹೊರಗೆ ಪಾಣಪೋಯಿ ಏಳುತ್ತಿತ್ತು, ನಾವು ಅರವಟ್ಟಿಗೆ ಅನ್ನುವುದು. ಕೆಂಪು ಅರಿವೆ ಸುತ್ತಿದ ಎರಡು ಹರವಿ, ಸರಪಳಿ ಕಟ್ಟಿದ ಗಲಾಸು, ಮೇಲೆ ಮಾಲಕನ ತೀರಿಹೋದ ತಂದೆಯ ಹೆಸರಿನ ಬೋರ್ಡು. ನೀರು ತಣ್ಣಗಿರುತ್ತಿತ್ತು, ಸುಳ್ಳು ಹೇಳಬಾರದು. ನಾನೂ ಎಷ್ಟೋ ಸಲ ಕುಡಿದಿದ್ದೇನೆ.

ಇನ್ನೊಂದು ಪ್ಲಾಂಟಿನ ರಜಿಸ್ಟರು. ಒಂದು ಕಿಲೋ ಬಟ್ಟೆ ತೊಳೆದು, ಬಿಳುಪು ಮಾಡಿ, ಬಣ್ಣ ಹಾಕುವಷ್ಟರಲ್ಲಿ ನೂರು ಲೀಟರ್ ನೀರು ಹೋದರೂ ಹೋಯಿತು. ಕಾಸ್ಟಿಕ್, ಉಪ್ಪು, ಬಣ್ಣ ಎಲ್ಲ ಅದರಲ್ಲೇ. ಅದನ್ನು ಶುದ್ಧ ಮಾಡಿ ಬಿಡಬೇಕೆಂದು ಹಿತ್ತಲಲ್ಲಿ ಪ್ಲಾಂಟು ಇತ್ತು. ಅದನ್ನು ನಡೆಸಿದರೆ ಕರೆಂಟಿನ ಬಿಲ್ಲು, ಸುಣ್ಣ, ಫಿಟಕರಿ, ಉಳಿದ ಗಸಿ ಸಾಗಿಸುವ ಗಾಡಿ ಬಾಡಿಗೆ. ನಡೆಸದಿದ್ದರೆ ರಾತ್ರಿ ಪಾಳಿಯಲ್ಲಿ ಒಂದು ವಾಲ್ವ್ ತಿರುಗಿಸಿದರಾಯಿತು: ಗಟಾರದಿಂದ ಕಾಳಾ ಓಢಾ ಅನ್ನುವ ಹಳ್ಳಕ್ಕೆ, ಅಲ್ಲಿಂದ ಪಂಚಗಂಗೆ ಹೊಳೆಗೆ. ಮೊದಲ ದಿನವೇ ದಿವಾಣಜಿ ಕಲಿಸಿಕೊಟ್ಟ: "ದಿನಾ 20 ತಾಸ ನಡದೈತಿ ಅಂತ ಬರಿ. 24 ಬರದ್ರ ಯಾರೂ ನಂಬೂದಿಲ್ಲ." ಗಾಣದ ಬೆಂಕಿ ಮುಂದೆ ನಾನು ಹೇಳದೆ ಬಿಟ್ಟದ್ದು ಇದನ್ನೇ. ವಾಲ್ವ್ ತಿರುವಿದವರ ಕಥೆ ಹೇಳಿದೆ, ಬರೆದವನದು ಹೇಳಲಿಲ್ಲ.

2012ರ ಬೇಸಿಗೆಯಲ್ಲಿ ಊರಿಗೆ ಕಾಮಣಿ, ಅಂದರೆ ಕಾಮಾಲೆ, ಬಿತ್ತು. ನಳದ ನೀರಿನಿಂದ ಹಬ್ಬಿದ್ದು. ದವಾಖಾನೆಗಳಲ್ಲಿ ಕಾಟು ಸಾಲಲಿಲ್ಲ, ಸಾವುಗಳೂ ಆದವು. ಬಸುರಿ ಹೆಂಗಸರನ್ನು ತವರಿಗೆ ಕಳಿಸತೊಡಗಿದರು. ನಮ್ಮ ಮಾಲಕ ಎರಡು ಹರವಿಯ ಜಾಗದಲ್ಲಿ ಸಾಲಾಗಿ ಕ್ಯಾನು ಇರಿಸಿ ಶುದ್ಧ ನೀರು ಹಂಚಿದ. ಪೇಪರಿನವರು ಬಂದು ಫೋಟೊ ತೆಗೆದರು. ಕ್ಯಾನಿನ ಲೆಕ್ಕ ಧರ್ಮಾದಾಯಕ್ಕೆ ಬರೆದೆ, ಅದೇ ಕೈಯಿಂದ ಪ್ಲಾಂಟಿನ 20 ತಾಸೂ ಬರೆದೆ.

ನ್ಯಾಯವಾಗಿ ಹೇಳಬೇಕೆಂದರೆ, ಆ ಕಾಮಣಿ ಬಣ್ಣದಿಂದ ಬರುವುದಲ್ಲ. ಕುಡಿಯುವ ನೀರಿಗೆ ಹೊಲಸು ಸೇರಿದರೆ ಬರುತ್ತದೆ. ಮಾಲಕನಿಗೆ ಅಷ್ಟೇ ಸಾಕಾಯಿತು. ಪ್ರೋಸೆಸ್‌ನವರು ನಗರಪಾಲಿಕೆಯ ಕಡೆ ಬೆರಳು ಮಾಡಿದರು, ನಗರಪಾಲಿಕೆಯವರು ಮೇಲಿನ ಕೊಲ್ಹಾಪುರದ ಜಯಂತಿ ನಾಲೆಯ ಕಡೆ, ಇನ್ನು ಕೆಲವರು ಸಕ್ಕರೆ ಕಾರ್ಖಾನೆಗಳ ಕಡೆ. ಹೊಳೆ ಒಂದೇ ಇದ್ದುದರಿಂದ ಎಲ್ಲರಿಗೂ ತಮ್ಮ ಮೇಲೆ ಒಬ್ಬ ಸಿಕ್ಕ.

ಗಾಣದ ಹುಡುಗ ಹೇಳಿದ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಕಾಯ್ದೆ, ಜಾರಿಗೆ ಬಂದದ್ದು ಆಮೇಲೆ, 2014ರ ಏಪ್ರಿಲ್ 1ಕ್ಕೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇರುವಂಥ ಕಂಪನಿಗಳು 3 ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಸಮಾಜಕ್ಕೆ ಖರ್ಚು ಮಾಡಬೇಕು. ಉಳಿದ 98 ಹೇಗೆ ಬಂತು ಅಂತ ಅದು ಕೇಳುವುದಿಲ್ಲ. ನಮ್ಮದು ಭಾಗೀದಾರಿ ಫರ್ಮು, ಆ ಕಾಯ್ದೆ ಅದರ ಹೊಸ್ತಿಲು ತುಳಿಯುತ್ತಲೂ ಇರಲಿಲ್ಲ. ತುಳಿಯಬೇಕಾದ ಕಾಯ್ದೆ, ಜಲಮಾಲಿನ್ಯದ್ದು, 1974ರಿಂದಲೇ ಇತ್ತು. ಅದಕ್ಕೆ ಕೊಟ್ಟ ಉತ್ತರವೇ ನನ್ನ ರಜಿಸ್ಟರು.

ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಕಾಮಣಿ ಸುದ್ದಿ ಕೇಳಿ ಅವ್ವ ಊರಿಂದ ಬಂದಳು. ಬಂದವಳು ನೇರ ಖೋಲಿಗೆ ಬರದೆ ಮೊದಲು ನರಸೋಬಾವಾಡಿಗೆ ಹೋಗಿ, ಪಂಚಗಂಗೆ ಕೃಷ್ಣೆಗೆ ಸೇರುವಲ್ಲಿ ಮಿಂದು, ದತ್ತನ ದರ್ಶನ ಮಾಡಿಕೊಂಡು ಬಂದಿದ್ದಳು. ಚೀಲದಿಂದ ತಂಪು ಪಾನೀಯದ ಹಳೇ ಬಾಟಲಿ ತೆಗೆದಳು. ತೀರ್ಥ.

"ತಗೋ ಮಗಾ. ತಮ್ಮಾ, ನೀನೂ ತಗೋ. ಇಬ್ರಿಗೂ ಏನೂ ಆಗಬಾರದಂತ ಹರಕಿ ಹೊತ್ತೀನಿ."

ನಾನು ಅಂಗೈ ಚಾಚಿದೆ. ಕುಡಿದಂತೆ ಮಾಡಿ ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಂಡುಬಿಟ್ಟೆ. ಮಾಮಾ ಬಾಟಲಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ, ಬಣ್ಣದ ಸ್ಯಾಂಪಲ್ ಗಾಜಿನಲ್ಲಿ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ. ಆ ವಾರ ಅವನ ಉಗುರಿನಲ್ಲಿ ಗಿಳಿಹಸಿರು ಇತ್ತು. ಅಕ್ಕನ ಮುಖ ಒಮ್ಮೆ ನೋಡಿದ. ಅಂಗೈ ತುಂಬ ಹಾಕಿಕೊಂಡು ಕುಡಿದ.

ಮರುದಿನ ರಜಿಸ್ಟರ್ ತೆರೆದೆ. ತಾಸಿನ ಕಾಲಮ್ಮಿಗೆ ಬಂದಾಗ ಕೈ ನಿಂತಿತು. 18 ಬರೆದೆ.

ದಿವಾಣಜಿ ಚಾಳೀಸಿನ ಮೇಲಿಂದ ನೋಡಿದ. "ಯಾಕೋ, ನಿನ್ನಿ ಕರೆಂಟ ಹೋಗಿತ್ತೇನ?"

"ಹೌದ್ರಿ," ಅಂದೆ.