ಹೋ ಅವೆನ್ಯೂವಿನ ಸಂಧಾನ

ನ್ಯೂಯಾರ್ಕ್ ನಗರವನ್ನು ನೋಡಲು ಹೋದವರು ಮ್ಯಾನ್‌ಹಟನ್ ದ್ವೀಪದ ಗಗನಚುಂಬಿ ಸೌಧಗಳನ್ನು ಕಣ್ತುಂಬ ನೋಡಿ, ಸ್ವಾತಂತ್ರ್ಯದೇವಿಯ ವಿಗ್ರಹದ ದರ್ಶನ ಮಾಡಿ, ಅಲ್ಲಿಗೆ ಯಾತ್ರೆ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆ ನಗರದ ಐದು ವಿಭಾಗಗಳಲ್ಲಿ ಒಂದಾದ ಬ್ರಾಂಕ್ಸಿನತ್ತ ಹೆಜ್ಜೆ ಹಾಕುವವರು ವಿರಳ. ಹೋದವರೂ ಅಲ್ಲಿಯ ಪ್ರಸಿದ್ಧ ಮೃಗಾಲಯವನ್ನೋ ಯಾಂಕೀ ಕ್ರೀಡಾಂಗಣವನ್ನೋ ನೋಡಿ ಸಂಜೆಯೊಳಗೆ ಹಿಂದಿರುಗುವರು. ಆದರೆ ಒಂದು ಮಹಾನಗರ ತನ್ನ ಮಕ್ಕಳನ್ನು ಹೇಗೆ ಕೈಬಿಡುತ್ತದೆ, ಕೈಬಿಟ್ಟ ಮಕ್ಕಳು ಹೇಗೆ ದಂಡು ಕಟ್ಟಿಕೊಳ್ಳುತ್ತಾರೆ, ಆ ದಂಡುಗಳು ಕಾದಾಡಿ ಕಾದಾಡಿ ಕಡೆಗೊಮ್ಮೆ ಹೇಗೆ ಎದುರುಬದುರು ಕುಳಿತು ಮಾತನಾಡುತ್ತವೆ ಎಂಬುದನ್ನು ತಿಳಿಯಬಯಸುವವರು ದಕ್ಷಿಣ ಬ್ರಾಂಕ್ಸಿನ ನಾಲ್ಕಾರು ಬೀದಿಗಳನ್ನು ಅವಶ್ಯವಾಗಿ ಸುತ್ತಬೇಕು.

ಮ್ಯಾನ್‌ಹಟನ್ನಿನಿಂದ ನೆಲದೊಳಗೆ ಓಡಿಬರುವ ರೈಲು ಹಾರ್ಲೆಮ್ ನದಿಯ ತಳದಲ್ಲಿ ಹಾದು, ಕೊಂಚ ದೂರ ಸಾಗಿ, ಬೆಳಕಿಗೆ ಬಂದು ಕಬ್ಬಿಣದ ಕಂಬಗಳ ಮೇಲೇರುತ್ತದೆ. ಅಲ್ಲಿಂದ ಮುಂದೆ ಅದರ ದಾರಿ ಮನೆಗಳ ಮೇಲಂತಸ್ತಿನ ಕಿಟಕಿಗಳ ಮಗ್ಗುಲಲ್ಲೇ. ಫ್ರೀಮನ್ ಸ್ಟ್ರೀಟ್ ನಿಲ್ದಾಣದಲ್ಲಿಳಿದು ಮೆಟ್ಟಿಲುಗಳನ್ನು ದಾಟಿದರೆ ಎದುರಾಗುವುದು ಸದರ್ನ್ ಬೂಲವಾರ್ಡ್ ಎಂಬ ಅಗಲವಾದ ರಸ್ತೆ. ತಲೆಯ ಮೇಲೆ ರೈಲಿನ ಗುಡುಗು. ಅಂಗಡಿಗಳ ಬಾಗಿಲಲ್ಲಿ ಇಂಗ್ಲಿಷಿಗಿಂತ ಹೆಚ್ಚಾಗಿ ಕೇಳಿಬರುವ ಸ್ಪ್ಯಾನಿಷ್ ಮಾತು. ಆ ರಸ್ತೆಗೆ ಸಮಾನಾಂತರವಾಗಿ ಸಾಗುವ ಒಂದು ಸಾಧಾರಣ ಬೀದಿಯೇ ಹೋ ಅವೆನ್ಯೂ. ನೋಡುವುದಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೂ ಈ ಕಥೆಯ ಮುಖ್ಯ ಘಟನೆ ನಡೆದದ್ದು ಆ ಬೀದಿಯಲ್ಲೇ.

ಬಾಳಿ ಬದುಕಿದ ಊರು

ಬ್ರಾಂಕ್ಸ್ ಎಂಬ ಹೆಸರು ೧೬೩೯ರಲ್ಲಿ ಇಲ್ಲಿ ಬಂದು ನೆಲೆಸಿದ ಜೋನಾಸ್ ಬ್ರಾಂಕ್ ಎಂಬ ಬೇಸಾಯಗಾರನಿಂದ ಬಂದದ್ದು. ಬಹುಕಾಲ ಇದು ಹೊಲ ತೋಟಗಳ ನಾಡಾಗಿಯೇ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರೈಲು ನದಿ ದಾಟಿ ಬಂದಮೇಲೆ ಅದರ ಭಾಗ್ಯ ತೆರೆಯಿತು. ಮ್ಯಾನ್‌ಹಟನ್ನಿನ ಗಾಳಿಬೆಳಕಿಲ್ಲದ ವಠಾರಗಳಲ್ಲಿ ಇಕ್ಕಟ್ಟಿನಿಂದ ಬದುಕುತ್ತಿದ್ದ ಯಹೂದ್ಯರು, ಐರಿಷರು, ಇಟಲಿಯವರು ನಾಲ್ಕು ಕಾಸು ಕೂಡಿದೊಡನೆ ಇಲ್ಲಿಗೆ ಬಂದು ಮನೆ ಹಿಡಿಯತೊಡಗಿದರು. ೧೯೦೯ರಲ್ಲಿ ಸಂಚಾರಕ್ಕೆ ತೆರೆದ ಗ್ರ್ಯಾಂಡ್ ಕಾನ್‌ಕೋರ್ಸ್ ಎಂಬ ರಾಜಬೀದಿಯ ಇಕ್ಕೆಲಗಳಲ್ಲೂ ಕಾಲಕ್ರಮದಲ್ಲಿ ಸೊಗಸಾದ ಮಹಡಿಮನೆಗಳೆದ್ದವು. ಅಲ್ಲಿ ಮನೆ ಮಾಡುವುದೆಂದರೆ ಬಾಳಿನಲ್ಲಿ ಒಂದು ಮೆಟ್ಟಿಲು ಮೇಲೇರಿದಂತೆ ಎಂದು ಜನ ಎಣಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಸುಮಾರಿಗೆ ಪೋರ್ಟೊರಿಕೋ ದ್ವೀಪದವರೂ, ಅಮೆರಿಕದ ದಕ್ಷಿಣ ಸಂಸ್ಥಾನಗಳ ಕರಿಯ ಜನರೂ ಇದೇ ಆಸೆಯಿಂದ ಬಂದು ಸೇರಿದರು.

ಅಷ್ಟರಲ್ಲಿ ಊರಿನ ಎದೆ ಸೀಳಿಕೊಂಡು ಒಂದು ಹೆದ್ದಾರಿ ಬಂದಿತು. ನಗರದ ನಿರ್ಮಾಣಕಾರ್ಯಗಳಲ್ಲಿ ಸರ್ವಾಧಿಕಾರಿಯಂತೆ ಮೆರೆದ ರಾಬರ್ಟ್ ಮೋಸಸ್ ಎಂಬುವರ ಯೋಜನೆ ಅದು. ೧೯೪೮ರಲ್ಲಿ ಆರಂಭವಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಬಂಡೆಗಳನ್ನು ಸಿಡಿಸಿ, ಬಡಾವಣೆಗಳನ್ನು ಕಡಿದು, ೧೯೬೩ರ ವೇಳೆಗೆ ಬಹುಮಟ್ಟಿಗೆ ಪೂರ್ತಿಯಾಯಿತು. ಈಸ್ಟ್ ಟ್ರೆಮಾಂಟ್ ಎಂಬ ಬಡಾವಣೆಯ ಒಂದೇ ಒಂದು ಮೈಲಿನ ದಾರಿಗಾಗಿ ೧,೫೩೦ ಸಂಸಾರಗಳ ಬಿಡಾರಗಳನ್ನು ಉರುಳಿಸಲಾಯಿತು. ಅಲ್ಲಿಯ ಗೃಹಿಣಿಯರು ಬದಲಿ ಮಾರ್ಗ ತೋರಿಸಿ ಕಚೇರಿಯಿಂದ ಕಚೇರಿಗೆ ಅಲೆದರು, ಫಲವಾಗಲಿಲ್ಲ. ಇನ್ನೊಂದೆಡೆ, ೧೯೬೮ರಲ್ಲಿ ಬ್ರಾಂಕ್ಸಿನ ಈಶಾನ್ಯ ಮೂಲೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮನೆಗಳ ಕೋ-ಆಪ್ ಸಿಟಿಯ ಬಾಗಿಲು ತೆರೆಯಿತು. ಅನುಕೂಲವಿದ್ದವರು ಅತ್ತ ನಡೆದರು. ಎಲ್ಲಿಗೂ ಹೋಗಲಾರದ ಬಡವರು ಇದ್ದಲ್ಲೇ ಉಳಿದರು.

ಬೆಂಕಿಯ ವರ್ಷಗಳು

ಬ್ಯಾಂಕುಗಳು ಈ ಭಾಗದ ಮನೆಗಳ ಮೇಲೆ ಸಾಲ ಕೊಡಲು ಹಿಂಜರಿದವು. ದುರಸ್ತಿಯಿಲ್ಲದೆ ಮನೆಗಳು ಸೋರತೊಡಗಿದವು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಉಗಿಯ ಕೊಳವೆಗಳು ತಣ್ಣಗಾದವು. ಬಾಡಿಗೆಗಿಂತ ವಿಮೆಯ ಹಣವೇ ಲಾಭವೆಂದು ಕಂಡ ಕೆಲವು ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಕಿಚ್ಚಿಡಿಸಿದರು. ಮನೆ ಉರಿಯುವಾಗ ಗಳ ಹಿರಿಯುವವರಿಗೂ ಕೊರತೆಯಿರಲಿಲ್ಲ. ಪಾಳುಬಿದ್ದ ಮನೆಗಳಿಂದ ತಾಮ್ರದ ಕೊಳವೆಗಳನ್ನು ಕಿತ್ತು ಮಾರುವುದೇ ಒಂದು ಕಸುಬಾಯಿತು. ಇಂಟರ್‌ವೇಲ್ ಅವೆನ್ಯೂವಿನಲ್ಲಿದ್ದ ೮೨ನೆಯ ಸಂಖ್ಯೆಯ ಅಗ್ನಿಶಾಮಕ ಠಾಣೆಯ ಅನುಭವಗಳನ್ನು ಅಲ್ಲಿಯೇ ದುಡಿದ ಡೆನ್ನಿಸ್ ಸ್ಮಿತ್ ಎಂಬಾತ ಬರೆದು ೧೯೭೨ರಲ್ಲಿ ಪ್ರಕಟಿಸಿದಾಗ ದೇಶವೆಲ್ಲ ಬೆರಗಾಯಿತು. ಅಷ್ಟಾದರೂ ನಗರಸಭೆ ಹಣದ ಅಭಾವವನ್ನು ಮುಂದೊಡ್ಡಿ ಇಂಥ ಠಾಣೆಗಳಲ್ಲಿ ಹಲವನ್ನು ಆ ದಶಕದಲ್ಲೇ ಮುಚ್ಚಿತು. ೧೯೭೦ರಿಂದ ೧೯೮೦ರವರೆಗಿನ ಹತ್ತು ವರ್ಷಗಳಲ್ಲಿ ಬ್ರಾಂಕ್ಸಿನ ೪೪ ಜನಗಣತಿ ವಲಯಗಳು ತಮ್ಮ ಕಟ್ಟಡಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಂಕಿಗೋ ಪಾಳಿಗೋ ಕಳೆದುಕೊಂಡವು.

ಇಂಥ ಬೀದಿಗಳಲ್ಲಿ ಬೆಳೆದ ಹುಡುಗನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ತಂದೆಗೆ ಕೆಲಸವಿಲ್ಲ, ಶಾಲೆಯಲ್ಲಿ ಜಾಗವಿಲ್ಲ, ಮೆಟ್ಟಿಲಿನ ಕೆಳಗೆ ಹೆರಾಯಿನ್ ಮಾರುವವನು ನಿಂತಿದ್ದಾನೆ, ಬೀದಿ ದಾಟಿದರೆ ಬೇರೆ ಬಣ್ಣದ, ಬೇರೆ ಭಾಷೆಯ ಹುಡುಗರು ಅಡ್ಡಗಟ್ಟುತ್ತಾರೆ. ಪೋಲೀಸರನ್ನು ಕರೆದರೆ ಬರುವರೆಂಬ ನೆಚ್ಚಿಗೆಯಿಲ್ಲ. ಆಗ ಅವನಿಗೆ ಉಳಿಯುವ ದಾರಿ ಒಂದೇ: ತನ್ನಂತೆಯೇ ದಿಕ್ಕಿಲ್ಲದ ನಾಲ್ವರನ್ನು ಕೂಡಿಕೊಳ್ಳುವುದು.

ದಂಡುಗಳು ಬೆಳೆದ ಬಗೆ

ನ್ಯೂಯಾರ್ಕಿನಲ್ಲಿ ಬೀದಿಯ ದಂಡುಗಳು ಹೊಸವೇನಲ್ಲ. ೧೯೫೦ರ ದಶಕದ ದಂಡುಗಳ ಕಥೆಯೇ ಮೊದಲು ನಾಟಕವಾಗಿ, ೧೯೬೧ರಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ ಎಂಬ ಚಲನಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಆ ಪೀಳಿಗೆಯನ್ನು ಹೆರಾಯಿನ್ ನುಂಗಿತು. ಆದರೆ ೧೯೬೮ರಿಂದೀಚೆಗೆ ಬ್ರಾಂಕ್ಸಿನಲ್ಲಿ ದಂಡುಗಳು ಮತ್ತೆ ತಲೆಯೆತ್ತಿದವು. ಬ್ರಾಂಕ್ಸ್‌ಡೇಲ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಏಳು ಮಂದಿ ಹುಡುಗರು ‘ಸ್ಯಾವೇಜ್ ಸೆವೆನ್’ ಎಂದು ಹೆಸರಿಟ್ಟುಕೊಂಡರು. ಸಂಖ್ಯೆ ಏಳನ್ನು ಮೀರಿದಾಗ ಹೆಸರು ‘ಬ್ಲ್ಯಾಕ್ ಸ್ಪೇಡ್ಸ್’ ಎಂದಾಯಿತು. ಆಮೇಲೆ ಒಂದೊಂದು ವಸತಿ ಸಮುಚ್ಚಯದಲ್ಲೂ ಅದರ ಒಂದೊಂದು ಶಾಖೆ ಹುಟ್ಟಿತು. ಪೋರ್ಟೊರಿಕೋದ ಹುಡುಗರಲ್ಲಿ ‘ಸ್ಯಾವೇಜ್ ಸ್ಕಲ್ಸ್’, ‘ಸ್ಯಾವೇಜ್ ನೋಮ್ಯಾಡ್ಸ್’, ‘ಘೆಟ್ಟೋ ಬ್ರದರ್ಸ್’ ಮೊದಲಾದವು ಬೆಳೆದವು.

ಪ್ರತಿ ದಂಡಿಗೂ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಯುದ್ಧವನ್ನು ನಡೆಸುವ ಒಬ್ಬ ದಳವಾಯಿ. ಪಾಳುಮನೆಯೊಂದರಲ್ಲಿ ಒಂದು ಕೂಟದ ಕೋಣೆ. ತೋಳು ಕತ್ತರಿಸಿದ ಜಾಕೆಟ್ಟಿನ ಬೆನ್ನಿನ ಮೇಲೆ ದಂಡಿನ ಹೆಸರೂ ಲಾಂಛನವೂ. ‘ಕಲರ್ಸ್’ ಎಂದು ಕರೆಯಲ್ಪಡುತ್ತಿದ್ದ ಆ ಜಾಕೆಟ್ಟನ್ನು ತೊಟ್ಟು ಪರರ ಬೀದಿಗೆ ಕಾಲಿಟ್ಟರೆ ಹೊಡೆತ ನಿಶ್ಚಯ. ತಮ್ಮ ಬೀದಿಗಳಿಂದ ಹೆರಾಯಿನ್ ಮಾರುವವರನ್ನು ಓಡಿಸಿದ್ದರಿಂದ ಮೊದಮೊದಲು ನೆರೆಹೊರೆಯವರಲ್ಲೂ ಕೆಲವರು ಅವರನ್ನು ಮೆಚ್ಚಿದ್ದುಂಟು. ಆದರೆ ಬಲ ಬಲವನ್ನೇ ಬೇಡುತ್ತದೆ. ಎದುರಿನವರು ನೂರಾದರೆ ತಾವು ಇನ್ನೂರಾಗಬೇಕು. ಚಿಕ್ಕ ದಂಡು ದೊಡ್ಡದರ ಆಶ್ರಯಕ್ಕೆ ಬರಬೇಕು, ಇಲ್ಲವೆ ಅಳಿಯಬೇಕು. ಹೀಗೆ ರಕ್ಷಣೆಗೆಂದು ಆದ ಮೈತ್ರಿ ಜಗಳಗಳನ್ನು ನಿಲ್ಲಿಸಲಿಲ್ಲ. ಇಬ್ಬರ ಜಗಳವನ್ನು ಇನ್ನೂರು ಮಂದಿಯ ಕಾಳಗವಾಗಿ ಬೆಳೆಸಿತು.

ಒಬ್ಬ ತಾಯಿಯ ಮಾತು

೧೬೩ನೆಯ ಬೀದಿಯೂ ಸ್ಟೆಬ್ಬಿನ್ಸ್ ಅವೆನ್ಯೂವೂ ಕೂಡುವೆಡೆ ಘೆಟ್ಟೋ ಬ್ರದರ್ಸ್ ದಂಡಿನ ಕೂಟದ ಮನೆಯಿತ್ತು. ಅದನ್ನು ಕಟ್ಟಿದ ಬೆಂಜಮಿನ್ ಮೆಲೆಂಡೆಜನಿಗೆ ೧೯೭೧ರಲ್ಲಿ ಹತ್ತೊಂಬತ್ತು ವರ್ಷ. ಅವನಿಗೆ ಚಾಕುವಿಗಿಂತ ಗಿಟಾರಿನ ಮೇಲೆ ಮೋಹ ಹೆಚ್ಚು. ಸೋದರರನ್ನು ಕೂಡಿಕೊಂಡು ಒಂದು ವಾದ್ಯಗೋಷ್ಠಿಯನ್ನೂ ನಡೆಸುತ್ತಿದ್ದ. ದಂಡುಗಳ ಕಾದಾಟದಿಂದ ಬೇಸತ್ತ ಅವನ ಗುಂಪು ಒಂದು ಹೊಸ ಹುದ್ದೆಯನ್ನು ಸೃಷ್ಟಿಸಿತು: ದಳವಾಯಿಯ ಹಾಗೆ ಯುದ್ಧಕ್ಕಲ್ಲ, ಸಂಧಾನಕ್ಕೆ ಒಬ್ಬ ದೂತ. ಆ ಕೆಲಸ ಇಪ್ಪತ್ತೈದು ವರ್ಷದ ಕಾರ್ನೆಲ್ ಬೆಂಜಮಿನ್ ಎಂಬವನ ಪಾಲಿಗೆ ಬಂದಿತು. ಗೆಳೆಯರಿಗೆ ಅವನು ‘ಬ್ಲ್ಯಾಕ್ ಬೆಂಜಿ’.

೧೯೭೧ರ ಡಿಸೆಂಬರ್ ೨ರಂದು ಬೇರೆ ದಂಡುಗಳವರು ತಮ್ಮ ಸೀಮೆಯೊಳಗೆ ನುಗ್ಗಿದ್ದಾರೆಂಬ ಸುದ್ದಿ ಬಂದಾಗ ಬೆಂಜಿ ಕೆಲವರೊಡನೆ ಎದುರು ಹೋದನು. ಕಾದಾಡಲು ಬಂದಿಲ್ಲ, ಮಾತನಾಡಲು ಬಂದಿರುವೆನೆಂದು ತಿಳಿಸಿದನು. ಮಾತು ನಡೆಯಲಿಲ್ಲ. ಅವರು ಅವನನ್ನು ಅಲ್ಲೇ ಬಡಿದು ಕೊಂದರು.

ಸುದ್ದಿ ಹಬ್ಬಿದೊಡನೆ ಬ್ರಾಂಕ್ಸಿನ ದಂಡುಗಳೆಲ್ಲ ಸಜ್ಜಾದವು. ಮಿತ್ರ ದಂಡುಗಳವರು ಕೂಟದ ಮನೆಗೆ ಬಂದು ಅಪ್ಪಣೆಗಾಗಿ ಕಾದರು. ಅದುವರೆಗೆ ಕಟ್ಟಿದ ಮೈತ್ರಿಗಳೆಲ್ಲ ಇಂಥದೊಂದು ದಿನಕ್ಕಾಗಿಯೇ ಕಟ್ಟಿದವು. ಮೆಲೆಂಡೆಜನ ಬಾಯಿಂದ ಒಂದು ಮಾತು ಹೊರಬಿದ್ದಿದ್ದರೆ ಆ ರಾತ್ರಿ ಎಷ್ಟು ಮನೆಗಳಲ್ಲಿ ಗೋಳು ಏಳುತ್ತಿತ್ತೋ ಹೇಳಲಾಗದು. ಆದರೆ ಅಪ್ಪಣೆ ಕೊಡುವ ಮುನ್ನ ಅವರು ಸತ್ತವನ ತಾಯಿಯ ಬಳಿ ಹೋದರು. ಮಗನನ್ನು ಕಳೆದುಕೊಂಡ ಆಕೆ ಸೇಡು ಬೇಡವೆಂದರು. ತನ್ನ ಮಗ ಶಾಂತಿಗಾಗಿ ಹೋದವನು, ಅವನ ಹೆಸರಿನಲ್ಲಿ ರಕ್ತ ಹರಿಯಕೂಡದು ಎಂಬುದೇ ಆಕೆಯ ಮಾತಿನ ಸಾರ. ಮೆಲೆಂಡೆಜ್ ಆ ಮಾತಿಗೆ ತಲೆಬಾಗಿದನು. ಕಾದಾಟಕ್ಕೆ ಸಿದ್ಧರಾಗಿ ನಿಂತಿದ್ದ ಯುವಕರ ನಡುವೆ ಹತ್ತೊಂಬತ್ತರ ಹರೆಯದ ನಾಯಕ ‘ಬೇಡ’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂಜುಬುರುಕನೆಂಬ ಹೆಸರು ಬಂದರೆ ಆ ಬೀದಿಗಳಲ್ಲಿ ಬಾಳುವಂತಿರಲಿಲ್ಲ.

ಡಿಸೆಂಬರ್ ೮

ಆರು ದಿನಗಳ ಮೇಲೆ, ಹೋ ಅವೆನ್ಯೂವಿನ ಬಾಲಕರ ಕ್ಲಬ್ಬಿನ ಸಭಾಂಗಣದಲ್ಲಿ ಹತ್ತಾರು ದಂಡುಗಳ ಮುಖಂಡರು ಸೇರಿದರು. ಹೊರಗೆ ಪೋಲೀಸರ ಕಾವಲು. ಒಳಗೆ ಶಾಲಾ ಉಪಾಧ್ಯಾಯರು, ಸಮಾಜಸೇವಕರು, ಪತ್ರಿಕೆಯವರು. ಒಬ್ಬರ ಮುಖವನ್ನೊಬ್ಬರು ಕಾಳಗದಲ್ಲಲ್ಲದೆ ಕಂಡರಿಯದ ತರುಣರು ಕುರ್ಚಿ ಹಾಕಿಕೊಂಡು ಎದುರುಬದುರು ಕುಳಿತರು. ಹಳೆಯ ಲೆಕ್ಕಗಳು ಹೊರಬಿದ್ದವು, ಮಾತು ಬಿರುಸಾಯಿತು. ಆದರೂ ಯಾರೂ ಕೈಯೆತ್ತಲಿಲ್ಲ. ನಮ್ಮೆಲ್ಲರ ಮನೆಯೂ ಒಂದೇ ಬಗೆಯಲ್ಲಿ ಸೋರುತ್ತಿರುವಾಗ ನಾವು ಯಾರೊಡನೆ ಕಾದಾಡುತ್ತಿದ್ದೇವೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು.

ಈ ಸಂಧಾನದಿಂದ ರೂಪುಗೊಂಡ ಒಡಂಬಡಿಕೆಯ ಷರತ್ತುಗಳು ಸರಳವಾದವು. ದಂಡುಗಳು ಒಂದನ್ನೊಂದು ಗೌರವಿಸಬೇಕು. ಒಬ್ಬರ ಜಾಕೆಟ್ಟು ತೊಟ್ಟವರು ಇನ್ನೊಬ್ಬರ ಬೀದಿಯಲ್ಲಿ ನಿರ್ಭಯವಾಗಿ ನಡೆದಾಡಬೇಕು. ತಕರಾರು ಬಂದರೆ ಇಬ್ಬರು ಅಧ್ಯಕ್ಷರು ಕುಳಿತು ಬಗೆಹರಿಸಬೇಕು. ಅದೂ ಆಗದಿದ್ದರೆ ಜಗಳವಾದ ಇಬ್ಬರೇ ಕಾದಾಡಿ ಮುಗಿಸಿಕೊಳ್ಳಬೇಕು. ಈ ಒಕ್ಕೂಟಕ್ಕೆ ಅವರು ಇಟ್ಟುಕೊಂಡ ಹೆಸರು ‘ಕುಟುಂಬ’. ಯುದ್ಧವನ್ನು ಹಿರಿದು ಮಾಡುತ್ತಿದ್ದ ಮೈತ್ರಿಯೇ ಈಗ ಅದನ್ನು ಕಿರಿದು ಮಾಡುವ ಸಾಧನವಾಯಿತು.

ಅಂದಿನಿಂದ ಬ್ರಾಂಕ್ಸಿನಲ್ಲಿ ರಾಮರಾಜ್ಯ ನೆಲೆಸಿತೆಂದು ಹೇಳಿದರೆ ಅದು ಸುಳ್ಳು. ಒಡಂಬಡಿಕೆಯನ್ನು ಮುರಿದವರುಂಟು, ಚಾಕು ಬಂದೂಕುಗಳು ಮಾಯವಾಗಲಿಲ್ಲ, ಬೆಂಕಿಯ ಅತ್ಯಂತ ಕೆಟ್ಟ ವರ್ಷಗಳು ಬಂದದ್ದೂ ಆಮೇಲೆಯೇ. ಆದರೆ ಒಂದು ಬದಲಾವಣೆ ಮಾತ್ರ ನಿಜವಾಗಿ ಆಯಿತು. ಹುಡುಗರು ಬೀದಿ ದಾಟತೊಡಗಿದರು. ಘೆಟ್ಟೋ ಬ್ರದರ್ಸ್ ದಂಡಿನವರು ಬೀದಿದೀಪದ ಕಂಬದಿಂದ ವಿದ್ಯುತ್ತನ್ನೆಳೆದು ಧ್ವನಿವರ್ಧಕ ಹೂಡಿ ಹಾಡುವಾಗ, ನಿನ್ನೆಯ ವೈರಿಗಳೂ ಬಂದು ಕುಣಿದರು. ೧೯೭೩ರ ಆಗಸ್ಟ್ ೧೧ರಂದು, ಪಶ್ಚಿಮ ಬ್ರಾಂಕ್ಸಿನ ೧೫೨೦ ಸೆಡ್ಜ್‌ವಿಕ್ ಅವೆನ್ಯೂ ಎಂಬ ವಿಳಾಸದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಯ ಬಟ್ಟೆಯ ಖರ್ಚಿಗೆಂದು ಒಂದು ಸಂತೋಷಕೂಟ ಏರ್ಪಡಿಸಿದಳು. ಜಮೈಕಾದಲ್ಲಿ ಹುಟ್ಟಿದ ಅವಳಣ್ಣ, ಕೂಲ್ ಹರ್ಕ್ ಎಂಬ ಹೆಸರಿನಿಂದ ಅಲ್ಲಿ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದನು. ಲೋಕವೆಲ್ಲ ಇಂದು ಹಿಪ್‌ಹಾಪ್ ಎಂದು ಕರೆಯುವ ಸಂಗೀತದ ಜನ್ಮದಿನ ಅದೆಂದು ಎಣಿಕೆ. ಬೀದಿ ಬೀದಿಯ ಹುಡುಗರು ಒಂದೆಡೆ ಸೇರುವ ಧೈರ್ಯವಿಲ್ಲದಿದ್ದರೆ ಅಂಥ ಕೂಟಗಳು ಬೆಳೆಯುವಂತಿರಲಿಲ್ಲ.

ಇಂದಿನ ಬೀದಿ

೧೯೭೭ರ ಅಕ್ಟೋಬರ್ ೫ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೋ ಅವೆನ್ಯೂವಿಗೆ ಅನತಿದೂರದ ಷಾರ್ಲಟ್ ಸ್ಟ್ರೀಟಿಗೆ ಬಂದು ನಿಂತಾಗ ಸುತ್ತಲೂ ಇಟ್ಟಿಗೆಯ ರಾಶಿ ಬಿಟ್ಟು ಬೇರೇನೂ ಇರಲಿಲ್ಲ. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ೧೯೮೦ರ ದಶಕದಲ್ಲಿ ಅಲ್ಲಿ ಸುಮಾರು ೯೦ ಒಂಟಿ ಮನೆಗಳನ್ನು ಕಟ್ಟಲಾಯಿತು. ಈಗ ಅಲ್ಲಿಗೆ ಹೋದವರಿಗೆ ಬೇಲಿ ಹಾಕಿದ ಅಂಗಳ, ಹಸಿರು ಹುಲ್ಲು, ಹೂಗಿಡಗಳು ಕಾಣುತ್ತವೆ. ಒಂದು ಕಾಲಕ್ಕೆ ಇದು ಹಾಳೂರಾಗಿತ್ತೆಂದು ಹೇಳಿದರೆ ನಂಬುವುದು ಕಷ್ಟ. ಬಡತನ ತೀರಿಲ್ಲ, ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳೂ ಹೊಗೆಯುಗುಳುತ್ತ ಓಡುತ್ತಲೇ ಇವೆ. ಆದರೂ ಊರು ಬದುಕಿದೆ.

ಬೆಂಜಮಿನ್ ಮೆಲೆಂಡೆಜ್ ದಂಡನ್ನು ತೊರೆದು ಸಂಸಾರಿಯಾಗಿ ಬಾಳಿ ೧೯೭೧ರ ಕಥೆಯನ್ನು ಕೇಳಬಂದವರಿಗೆ ಹೇಳುತ್ತಿದ್ದು, ೨೦೧೭ರಲ್ಲಿ ಕಾಲವಾದರು. ಆ ಕಥೆಯಲ್ಲಿ ಅವರಿಗಿಂತಲೂ ಮಿಗಿಲಾದ ಪಾತ್ರ ಬೆಂಜಿಯ ತಾಯಿಯದು. ಅಧಿಕಾರಿಗಳ ಯೋಜನೆಗಳಾಗಲಿ ಪೋಲೀಸರ ಲಾಠಿಯಾಗಲಿ ನಿಲ್ಲಿಸಲಾರದಿದ್ದ ಕಾದಾಟವನ್ನು ಆ ಒಂದು ರಾತ್ರಿಯ ಮಟ್ಟಿಗಾದರೂ ನಿಲ್ಲಿಸಿದ್ದು ಆಕೆಯ ಮಾತು. ಸದರ್ನ್ ಬೂಲವಾರ್ಡಿನ ಕಬ್ಬಿಣದ ಕಂಬಗಳ ಕೆಳಗೆ, ಇಂದು ಸಂಜೆ ಶಾಲೆ ಬಿಟ್ಟ ಮಕ್ಕಳು ಯಾರ ಬೀದಿ ಯಾರದೆಂದು ಕೇಳದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿ ದಾಟುತ್ತಾರೆ.